ಮಾಸಿನ ಪೊರೆ

ಕಿರ್ ಎಂದು ಒಂದೇ ಸಲ ಸದ್ದಾಯಿತು. ಮಣ್ಣಿನ ಕುಡಿಕೆಯ ಮೇಲಿಂದ ಮಣ್ಣಿನ ಮುಚ್ಚಳ ಸರಿಸಿದ ಸದ್ದು. ಆಸ್ಪತ್ರೆಯೆಲ್ಲ ಮಲಗಿದ್ದ ಸರಿರಾತ್ರಿ. ತಂಗಿಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಬೀಸಣಿಗೆ ಆಡಿಸುತ್ತಿದ್ದ ಅನುಸೂಯಳ ಕೈ ನಿಂತುಹೋಯಿತು. ಹೊರಗೆ ಜಗಲಿಯಲ್ಲಿ ಕೂತಿರುವವರು ಯಾರು, ಆ ಕುಡಿಕೆಯಲ್ಲಿ ಏನಿದೆ ಎಂಬುದು ಅವಳಿಗೆ ಗೊತ್ತಿತ್ತು. ಅದರಲ್ಲಿ ಏನಿಲ್ಲ ಎಂಬುದೂ ಗೊತ್ತಿತ್ತು.

ಜಗಲಿಯಲ್ಲಿದ್ದವಳು ಮುತ್ತಮ್ಮ. ಸಂಜೆ ಅವಳ ಮಗಳು ಪಾಪಮ್ಮನಿಗೆ ಚೊಚ್ಚಲ ಹೆರಿಗೆಯಾಗಿ ಗಂಡುಮಗು ಹುಟ್ಟಿತ್ತು. ಮಗುವಿನ ಹಿಂದೆ ಬಿದ್ದ ಮಾಸನ್ನು ಮನೆಗೆ ಒಯ್ಯಲೆಂದು ಮುತ್ತಮ್ಮ ಹೊಸ ಕುಡಿಕೆ ತಂದಿದ್ದಳು. ಅದಕ್ಕೆ ಅರಿಶಿನ, ಬೇವಿನಸೊಪ್ಪು ಹಾಕಿ, ನಾಯಿ ಕೆದರದಷ್ಟು ಆಳಕ್ಕೆ ಹಿತ್ತಲಲ್ಲಿ ಹೂಳಬೇಕು. ಬಾಣಂತಿಗೆ ಎರೆದ ನೀರು ಅದರ ಮೇಲೆ ಹರಿಯಬೇಕು. ಆಗಲೇ ಮಗು ಮೈಹಿಡಿಯುತ್ತದೆ. ಅನುಸೂಯಳ ತಾಯಿಯೂ ಎರಡೂ ಹೆಣ್ಣುಮಕ್ಕಳ ಮಾಸನ್ನು ಹಾಗೆಯೇ ಹೂಳಿದ್ದಳು. ಈ ವಿಷಯದಲ್ಲಿ ಊರಿಗೂ ಊರಾಚೆಯ ಕಾಲೋನಿಗೂ ವ್ಯತ್ಯಾಸವಿರಲಿಲ್ಲ.

ಉಳಿದದ್ದರಲ್ಲೆಲ್ಲ ಇತ್ತು. ಮಂಚದ ಮೇಲಿದ್ದ ರತ್ನಳ ಗಂಡನ ಊರಿನ ಕಾಲೋನಿಯವಳು ಮುತ್ತಮ್ಮ. ರತ್ನಳ ಅತ್ತೆ ಸಪ್ಪಲಮ್ಮನ ಹೊಲದಲ್ಲಿ ರಾಗಿಯ ಕಳೆ ಕೀಳುತ್ತಲೇ ಕೂದಲು ಹಣ್ಣಾದವಳು. ಆ ಮನೆಯ ಹಿತ್ತಲ ಬೇಲಿಯವರೆಗೆ ಬರಬಹುದಿತ್ತು, ಒಳಗೆ ಬರುವಂತಿರಲಿಲ್ಲ.

ರತ್ನ ಅನುಸೂಯಳ ಒಬ್ಬಳೇ ತಂಗಿ. ಕಾಫಿ ಕಾಸುವಾಗ ಪಂಪ್ ಸ್ಟೌವ್ ಸಿಡಿದು ಸೀರೆಗೆ ಹತ್ತಿಕೊಂಡಿತ್ತು. ಮನೆಯವರು ಹಾಗೆಂದರು, ರತ್ನಳೂ ಹಾಗೇ ಅಂದಳು, ಅನುಸೂಯ ನಂಬಿದಳು. ಅವಳ ಹೊಟ್ಟೆ ಉರಿದದ್ದು ಬೆಂಕಿಯ ಮಾತಿಗಲ್ಲ, ಆಮೇಲಿನದಕ್ಕೆ. ಬಲಗೈ ಭುಜದಿಂದ ಮಣಿಕಟ್ಟಿನವರೆಗೆ ಬೆಂದವಳಿಗೆ ಶಾಯಿ ಹುಯ್ದು, ಬಾಳೆಲೆ ಸುತ್ತಿ ಎರಡು ದಿನ ಕೋಣೆಯಲ್ಲಿ ಮಲಗಿಸಿದ್ದರು. ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ಪಾಠ ಹೇಳುವ ಅಕ್ಕನಿಗೆ ಸುದ್ದಿ ಕಳಿಸಿದ್ದು ಅವರಲ್ಲ, ಹಾಲಿನವನು. ಅವಳು ಜಟಕಾ ಮಾಡಿಕೊಂಡು ಹೋಗಿ ಜಗಳ ಕಾಯ್ದು ತಂಗಿಯನ್ನು ಎತ್ತಿಕೊಂಡು ಬಂದಳು. ಬೆಂಗಳೂರಿನ ದೊಡ್ಡಾಸ್ಪತ್ರೆ ಅಂದಾಗ ರತ್ನಳ ಗಂಡ ವೆಂಕಟರಮಣಪ್ಪ ಕಂಬಕ್ಕೆ ಒರಗಿ ನಿಂತು, "ಅಲ್ಲಾದ್ರೆ ಪೋಲಿಸ್ನೋರು ಬರ್ತಾರೆ. ಮನೆ ಮಾನ ಅಂತ ಒಂದೈತಲ್ಲ," ಎಂದಿದ್ದ. ಅದೇ ವಾರ ರೈಲು ಮುಷ್ಕರ ಬೇರೆ. ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂದ ಮೈಯನ್ನು ಆ ನೂಕಾಟದೊಳಗೆ ಒಯ್ಯುವುದು ಹೇಗೆ? ಕೊನೆಗೆ ಸಿಕ್ಕಿದ್ದು, ಯಾರೋ ರೇಷ್ಮೆ ವ್ಯಾಪಾರಿ ತಾಯಿಯ ನೆನಪಿಗೆ ಕಟ್ಟಿಸಿದ ಈ ಧರ್ಮಾಸ್ಪತ್ರೆ. ಹೆರಿಗೆಗೊಂದು ಕೋಣೆ, ಉಳಿದ ಹೆಂಗಸರಿಗೊಂದು ಕೋಣೆ, ನಡುವೆ ಒಂದು ಪರದೆ. ಮಿಲಿಟರಿಯಿಂದ ನಿವೃತ್ತರಾದ ಡಾಕ್ಟರ್ ನರಸಿಂಹಯ್ಯ, ಆಯಾ ಅಂಜಿನಮ್ಮ.

ಸಪ್ಪಲಮ್ಮ ಒಮ್ಮೆ ಬಂದು ಬಾಗಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತು ಹೋಗಿದ್ದಳು.

"ಕೈ ಮುರುಟ್ಕೊಂಡ್ರೆ ಮುದ್ದೆ ತಿರುವೋರ್ಯಾರು? ನೀವೇ ಹೇಳಿ ಮೇಷ್ಟ್ರಮ್ಮ, ಓದಿದೋರು. ನಮ್ ಹುಡುಗನ್ಗೇನೂ ವಯಸ್ಸು ಕಳ್ದೋಗಿಲ್ಲ."

ಕೇಳಿಸಬಾರದು ಎಂಬಷ್ಟು ಮೆಲ್ಲಗೇನೂ ಹೇಳಿರಲಿಲ್ಲ. ರತ್ನ ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಅವತ್ತಿನಿಂದ ಅನುಸೂಯಳಿಗೆ ತಂಗಿಯ ಮೊಣಕೈ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅದು ಮಡಚಿಕೊಂಡೇ ಕೂತುಬಿಟ್ಟರೆ ಆ ಮನೆಯಲ್ಲಿ ರತ್ನಳಿಗೆ ಜಾಗವಿಲ್ಲ. ಜಾಗವಿಲ್ಲದ ಹೆಂಗಸು ಎಲ್ಲಿಗೆ ಹೋಗುತ್ತಾಳೆ ಎಂದು ಯೋಚಿಸಿದರೆ ಊರಿನ ಬಾವಿಗಳೆಲ್ಲ ನೆನಪಾಗುತ್ತಿದ್ದವು.

ಸಂಜೆ, ಪಾಪಮ್ಮನ ಹೆರಿಗೆಯಾದ ಮೇಲೆ, ಡಾಕ್ಟರು ಅನುಸೂಯಳನ್ನು ಪಕ್ಕಕ್ಕೆ ಕರೆದಿದ್ದರು.

"ಮಗು ಬಸಿರಲ್ಲಿ ನೀರಲ್ಲಿ ತೇಲ್ತಾ ಇರುತ್ತಲ್ಲ ಅನುಸೂಯಮ್ಮ, ಆ ನೀರಿನ ಚೀಲದ ಪೊರೆ. ಸುಟ್ಟ ಗಾಯದ ಮೇಲೆ ಹಾಸಿದ್ರೆ ಉರಿ ಇಳಿಯುತ್ತೆ, ಕೀವು ತಡೆಯುತ್ತೆ. ಅಡೀಲಿ ಹೊಸ ಚರ್ಮ ಬರೋಕೆ ನೆರಳು ಹಾಕ್ದಂಗೆ. ಮಿಲಿಟರಿ ಆಸ್ಪತ್ರೇಲಿ ಒಂದೆರಡು ಸಲ ಕಣ್ಣಾರೆ ನೋಡಿದೀನಿ."

"ಬರೀ ಪೊರೆಯಿಂದಾನಾ?"

"ಬರೀ ಅನ್ಬೇಡಿ. ನೀವು ಜೀವಶಾಸ್ತ್ರ ಓದಿದೋರು. ನಾನೇನಾಗ್ಬೇಕು ಅಂತ ಇನ್ನೂ ತೀರ್ಮಾನ ಮಾಡ್ಕೊಳ್ದೇ ಇರೋ ಜೀವಕೋಶಗಳು ಅಂತ ಇದಾವೆ. ಮೂಳೆ ಮಜ್ಜೇಲಿ ಅಂಥವಿದಾವೆ ಅಂತ ಕಂಡ್ಕೊಂಡಿದಾರೆ. ಹೊರದೇಶದಲ್ಲಿ ಅಕ್ಕನ ಮಜ್ಜೆ ತೆಗೆದು ತಮ್ಮನಿಗೆ ಹಾಕಿ, ಅವನ ಮೈಯಲ್ಲಿ ಹೊಸ ರಕ್ತಾನೇ ಹುಟ್ಟಿಸಿದಾರೆ. ಮಾಸಲ್ಲಿ, ಹೊಕ್ಕುಳುಬಳ್ಳೀಲಿ ಏನೇನಿದ್ಯೋ ಯಾರಿಗ್ಗೊತ್ತು. ಇನ್ನೊಂದೈವತ್ತು ವರ್ಷ ಹೋಗ್ಲಿ, ಜನ ಇದನ್ನ ಹೂಳೋ ಬದ್ಲು ಬೀರುವಲ್ಲಿಟ್ಟು ಬೀಗ ಹಾಕ್ತಾರೆ."

ಅನುಸೂಯ ತಂಗಿಯ ತೋಳಿನ ಕಡೆ ನೋಡಿದಳು. ಅಕ್ಕನ ಮಜ್ಜೆ ತಮ್ಮನ ರಕ್ತವಾಗುವುದು. ಹಾಗಿದ್ದರೆ ತನ್ನ ಮೈಯಿಂದಲೂ ಏನಾದರೂ ತೆಗೆದು ಈ ಕೈಗೆ ಹಾಕುವಂತಿದ್ದರೆ, ಎಂದುಕೊಂಡಳು. ಆಮೇಲೆ ಕೇಳಬೇಕಾದ್ದನ್ನು ಕೇಳಿದಳು.

"ಮುತ್ತಮ್ಮನ್ನ ಕೇಳ್ಬೇಡ್ವಾ?"

"ಕೇಳಿದ್ರೆ ಕೊಡಲ್ಲ. ಕೊಟ್ರೂ ನಿಮ್ಮ ಬೀಗರ ಮನೆಗೆ ಸುದ್ದಿ ಮುಟ್ಟುತ್ತೆ. ಕಾಲೋನಿಯವರ ಮಾಸು ಸೊಸೆ ಮೈಮೇಲೆ ಅಂತ ಗೊತ್ತಾದ್ರೆ ಆ ಯಮ್ಮ ಹೊಸಿಲು ತುಳಿಸ್ತಾಳಾ? ಚೀಲ ಮಾತ್ರ ಕತ್ತರಿಸ್ಕೊಂಡು ಮಿಕ್ಕಿದ್ದು ಕುಡಿಕೆಗೆ ಹಾಕೋಣ. ಲಾಟೀನು ಹಿಡ್ಕೊಳ್ಳಿ."

ಅನುಸೂಯ ಲಾಟೀನು ಹಿಡಿದಳು.

ಈಗ, ಮುಚ್ಚಳ ಸರಿದ ಸದ್ದಿನ ಹಿಂದೆಯೇ, ಬರಿಗಾಲಿನ ಹೆಜ್ಜೆ ಹೆರಿಗೆ ಕೋಣೆಯೊಳಗೆ ಬಂತು. ಪರದೆಯ ಆಚೆ ಮುತ್ತಮ್ಮನ ದನಿ.

"ಆಯಮ್ಮ, ಎದ್ದೇಳಿ. ಚೀಲ ಇಲ್ಲ. ಬರೀ ಗಡ್ಡೆ ಐತೆ."

"ಏನ್ ಚೀಲ? ಬೆಳಗಿನ್ ಜಾವದ ಬಸ್ಸಿಗೆ ಎಬ್ಬಿಸ್ದಂಗೆ ಎಬ್ಬಿಸ್ತೀಯಲ್ಲ."

"ಮಾಸಿನ ಚೀಲ. ಒಳಗೇ ಉಳ್ಕೊಂಡೈತೆ. ನಮ್ಮತ್ತಿಗೆಗೂ ಹಿಂಗೇ ಆಗಿತ್ತು, ಜ್ವರ ಬಂದು ವಾರದೊಳ್ಗೆ ಹೋದ್ಲು."

"ಎಲ್ಲಾ ಡಾಕ್ಟ್ರು ನೋಡವ್ರೆ. ಮಲ್ಕೊ ಹೋಗು."

ಸಂಜೆ ಪೊರೆ ಹಾಕಲು ಬೋಗುಣಿ ತಂದುಕೊಟ್ಟವಳೇ ಅಂಜಿನಮ್ಮ. ಆದರೂ ಅವಳ ಸ್ವರದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅನುಸೂಯ ಸ್ಟೂಲಿನಲ್ಲೇ ಗಟ್ಟಿಯಾಗಿ ಕೂತಳು. ಈಗ ಎದ್ದು ಬಾಯಿಬಿಟ್ಟರೆ ನಾಳೆ ಊರಿಗೆ ಗೊತ್ತಾಗುತ್ತದೆ, ನಾಡಿದ್ದು ರತ್ನಳ ಟ್ರಂಕು ಬೀದಿಯಲ್ಲಿರುತ್ತದೆ. ಮುತ್ತಮ್ಮ ಮಲಗಲಿ. ಬೆಳಿಗ್ಗೆ ಡಾಕ್ಟರು ಏನೋ ಒಂದು ಹೇಳಿ ಸಮಾಧಾನ ಮಾಡುತ್ತಾರೆ.

ಮುತ್ತಮ್ಮ ಮಲಗಲಿಲ್ಲ. ಸ್ವಲ್ಪ ಹೊತ್ತಿಗೆ ಓಕರಿಸುವ ಸದ್ದು ಬಂತು. ಅನುಸೂಯ ಪರದೆಯ ಅಂಚು ಸರಿಸಿ ನೋಡಿದಳು. ಮುತ್ತಮ್ಮ ಮಗಳ ಜಡೆಯನ್ನೇ ಅವಳ ಬಾಯಿಗೆ ತುರುಕಿ, ಓಕರಿಕೆ ಬಂದಾಗಲೆಲ್ಲ ಎರಡೂ ಅಂಗೈಯಿಂದ ಹೊಟ್ಟೆಯನ್ನು ಒತ್ತುತ್ತಿದ್ದಳು. ಉಳಿದ ಮಾಸು ಬೀಳಲೆಂದು ಹಳ್ಳಿಗಳಲ್ಲಿ ಮಾಡುವುದೇ ಹಾಗೆ. ಪಾಪಮ್ಮನಿಗೆ ಅರಚುವ ತ್ರಾಣವಿರಲಿಲ್ಲ. ಕಣ್ಣಿನ ಗುಡ್ಡೆ ಮೇಲಕ್ಕೆ ಹೋಗುತ್ತಿತ್ತು. ಕೆಳಗಿನ ಹಳೇ ಸೀರೆಯ ಮೇಲೆ ಹೊಸ ರಕ್ತ ಹರಡುತ್ತಿತ್ತು.

"ತಡ್ಕೊ ಮಗ, ಬತ್ತದೆ, ಇನ್ನೊಂದ್ಸಲ," ಎನ್ನುತ್ತ ಮುತ್ತಮ್ಮ ತೋಳನ್ನು ಸೆರಗಿಗೆ ಒರೆಸಿಕೊಂಡಳು. ಕೈ ಹಾಕಿ ಎಳೆಯುವುದಕ್ಕೆ ಸಿದ್ಧಳಾಗುತ್ತಿದ್ದಾಳೆ ಎಂದು ಅನುಸೂಯಳಿಗೆ ತಿಳಿಯಿತು.

ಅವಳು ಪರದೆ ಕಿತ್ತುಬರುವಂತೆ ಎಳೆದು ಒಳಗೆ ಬಂದಳು.

"ಬಿಡು ಮುತ್ತಮ್ಮ. ಒಳಗೇನೂ ಇಲ್ಲ. ನಾನು ನೋಡಿದೀನಿ."

"ಎಲ್ಲೈತೆ ಹಂಗಾದ್ರೆ?"

ಅನುಸೂಯ ಪಾಪಮ್ಮನ ಬಾಯಿಂದ ಕೂದಲು ತೆಗೆದಳು. ಡಾಕ್ಟರನ್ನು ಎಬ್ಬಿಸಿ ಕರೆತಾ ಎಂದು ಅಂಜಿನಮ್ಮನಿಗೆ ಹೇಳಿದಳು. ಅವಳು ಅಲುಗದಿದ್ದಾಗ, ಅನುಸೂಯ ಜನ್ಮದಲ್ಲಿ ಯಾರ ಮೇಲೂ ಎತ್ತದ ದನಿಯಲ್ಲಿ, "ಹೋಗ್ತೀಯೋ, ನಿನ್ನ ಜಡೆ ಹಿಡಿದು ಎಳ್ಕೊಂಡ್ ಹೋಗ್ಲೋ?" ಎಂದಳು. ಅಂಜಿನಮ್ಮ ಓಡಿದಳು.

ಡಾಕ್ಟರು ಬಂದು ಸೂಜಿ ಚುಚ್ಚಿ, ಹೊಟ್ಟೆ ನೀವಿ, ರಕ್ತ ಹಿಡಿತಕ್ಕೆ ಬರುವಷ್ಟು ಹೊತ್ತೂ ಮುತ್ತಮ್ಮ ಗೋಡೆಗೆ ಆನಿಕೊಂಡು ಅನುಸೂಯಳನ್ನೇ ನೋಡುತ್ತಿದ್ದಳು. ಮಗಳಿಗೆ ನಿದ್ದೆ ಹತ್ತಿದ ಮೇಲೆ ಮತ್ತದೇ ಕೇಳಿದಳು.

"ಎಲ್ಲೈತೆ?"

ಡಾಕ್ಟರು ಕೆಮ್ಮಿದರು. ಅನುಸೂಯ ಅವರ ಕಡೆ ತಿರುಗಲಿಲ್ಲ. ಲಾಟೀನು ಎತ್ತಿಕೊಂಡು ಪರದೆ ದಾಟಿ, ಮುತ್ತಮ್ಮನನ್ನು ತಂಗಿಯ ಮಂಚದ ಬಳಿಗೆ ಕರೆದಳು. ಸೂಜಿಯ ಮತ್ತಿನಲ್ಲಿ ರತ್ನ ನಿದ್ದೆ ಮಾಡುತ್ತಿದ್ದಳು. ಬೆಂದ ಮೇಲೆ ಮೊದಲ ಸಲ ನರಳದೆ. ಅವಳ ತೋಳಿನ ಮೇಲೆ ಎಣ್ಣೆಕಾಗದದಷ್ಟು ತೆಳ್ಳಗೆ ಅಂಟಿದ್ದ ಪೊರೆ ಬೆಳಕಿಗೆ ಮಿನುಗುತ್ತಿತ್ತು.

ಮುತ್ತಮ್ಮ ಬಗ್ಗಿ ನೋಡಿದಳು. ಬೆರಳು ಚಾಚಿದವಳು ಮುಟ್ಟುವ ಮುಂಚೆ ಹಿಂದಕ್ಕೆಳೆದುಕೊಂಡಳು. ಅಷ್ಟು ಕೋಪದಲ್ಲೂ ಆ ಬೆರಳಿಗೆ ಅಭ್ಯಾಸ ಮರೆತಿರಲಿಲ್ಲ.

"ಯಾರ್ ಕೊಟ್ರು?"

"ಯಾರೂ ಕೊಡ್ಲಿಲ್ಲ. ನಾವೇ ತಗೊಂಡ್ವಿ."

"ಕೇಳ್ಬೋದಾಗಿತ್ತಲ್ಲ ಮೇಷ್ಟ್ರಮ್ಮ."

"ಕೇಳಿದ್ರೆ ಕೊಡ್ತಿದ್ಯಾ?"

"ಕೊಡ್ತಿದ್ನೋ ಬಿಡ್ತಿದ್ನೋ. ಇಲ್ಲ ಅನ್ನೋದಾದ್ರೂ ನನ್ನ ಬಾಯಿಂದ ಬರ್ಬೇಕಿತ್ತು. ಅದ್ನೂ ನೀವೇ ಅಂದ್ಕೊಂಡ್ಬಿಟ್ರಿ." ಮುತ್ತಮ್ಮನ ದನಿ ಏರಲಿಲ್ಲ. "ನಾನು ಮುಟ್ಟಿದ್ ಚೊಂಬು ಈ ಯಮ್ಮನ್ ಮನೇಲಿ ಬೆಂಕಿಗ್ಹಾಕಿ ಬೆಳಗ್ತಾರೆ. ನನ್ ಮೊಮ್ಮಗನ್ ಮಾಸು ಮಾತ್ರ ಆಯ್ತದೆ, ಅಲ್ವಾ? ನನ್ ಮಗಳ್ ಹೊಟ್ಟೇನ ನನ್ ಕೈಯಲ್ಲೇ ಹಿಂಡಿಸಿದ್ರಲ್ಲ. ಪರದೆ ಹಿಂದೆ ಕೂತ್ಕೊಂಡು ಕೇಳಿಸ್ಕೊತಿದ್ರಾ?"

ಅನುಸೂಯ ಲಾಟೀನನ್ನು ಸ್ಟೂಲಿನ ಮೇಲಿಟ್ಟಳು. ಮುತ್ತಮ್ಮ ಪೊರೆಯನ್ನು ಮತ್ತೊಮ್ಮೆ ನೋಡಿದಳು.

"ಅದು ಎಷ್ಟ್ ದಿನ ಇರ್ತದೆ?"

"ಒಣಗಿ ಒಣಗಿ ತಾನೇ ಉದುರುತ್ತೆ ಅಂತಾರೆ ಡಾಕ್ಟ್ರು."

"ಉದುರಿದ್ದು ಒಂದ್ ಚೂರೂ ಬಿಡ್ದಂಗೆ ನನಗ್ ತಂದ್ಕೊಡ್ಬೇಕು. ಗಡ್ಡೆ ಜತೇಲಿ ಹೂಳ್ತೀನಿ. ಕಸದ್ ಡಬ್ಬಕ್ಕೆ ಹೋಯ್ತೋ, ಸಪ್ಪಲಮ್ಮನ ಬಾಗ್ಲಲ್ಲಿ ನಿಂತು ಊರಿಗೆಲ್ಲ ಕೇಳೋ ಹಂಗೆ ಕೂಗ್ತೀನಿ. ನನಗೇನಾದ್ರೂ ಆಗ್ಲಿ."

ಬೆಳಿಗ್ಗೆ ಅನುಸೂಯ ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಚೀಲ ಕತ್ತರಿಸ್ಕೊಂಡು ಬರೀ ಗಡ್ಡೆ ಕೊಟ್ರೆ ಅವರೇನು ತಿಳ್ಕೋತಾರೆ ಅಂತ ಒಂದ್ಸಲ ಯೋಚನೆ ಬರ್ಲಿಲ್ವಾ ನಿಮಗೆ?"

"ಕುಡಿಕೆ ಬಿಚ್ಚಿ ನೋಡ್ತಾಳೆ ಅಂತ ಯಾರಿಗ್ಗೊತ್ತಿತ್ತಮ್ಮ."

"ಕೇಳಿದ್ರೆ ಗೊತ್ತಾಗ್ತಿತ್ತು. ಐವತ್ತು ವರ್ಷ ಆದ್ಮೇಲೆ ಬೀರುವಲ್ಲಿಟ್ಟು ಬೀಗ ಹಾಕ್ತಾರೆ ಅಂದ್ರಲ್ಲ, ಯಾರ ಬೀರು? ಬೀಗದ ಕೈ ಯಾರ ಹತ್ರ ಇರುತ್ತೆ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟವರಲ್ಲ, ರಾತ್ರಿಯೆಲ್ಲ ಎದ್ದು ಕೂತು ಪಾಪಮ್ಮನ ನಾಡಿ ಹಿಡಿದಿದ್ದರು. ಅದು ಅನುಸೂಯಳ ಕೋಪವನ್ನು ಇಳಿಸುವ ಬದಲು ಇನ್ನೂ ಕೆದಕಿತು. ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು. "ಲಾಟೀನು ನೀವೇ ಹಿಡಿದಿದ್ರಲ್ಲ," ಎಂದರು ಅವರು, ಚುಚ್ಚಬೇಕೆಂದಲ್ಲ, ನೆನಪಾಯಿತು ಎನ್ನುವ ಹಾಗೆ. ಅವಳು ಬಾಗಿಲು ದಡಾರನೆ ಹಾಕಿಕೊಂಡು ಹೊರಬಂದಳು.

ಅಲ್ಲಿಂದಾಚೆಗೆ ಅವಳ ರಜೆಯ ದಿನಗಳು ಆ ತೋಳಿನ ಮುಂದೆಯೇ ಕಳೆದವು. ಪೊರೆ ಮೊದಲು ಬಿಗಿಯಿತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಅಂಚಿನಿಂದ ಈರುಳ್ಳಿ ಸಿಪ್ಪೆಯ ಹಾಗೆ ಏಳತೊಡಗಿತು. ಅದರ ಅಡಿಯಲ್ಲಿ ಎಳೆ ಗುಲಾಬಿ ಬಣ್ಣದ ಚರ್ಮವಿತ್ತು. ಡಾಕ್ಟರು ದಿನವೂ ಕೈ ನೀಡಿಸಿ, ಮಡಚಿಸಿ, ಮಕ್ಕಳಂತೆ ಸಂತೋಷಪಡುತ್ತಿದ್ದರು. ಅನುಸೂಯ ಹಾಸಿಗೆಯ ಮಡಿಕೆ, ದಿಂಬಿನ ಅಂಚು, ನೆಲ ಎಲ್ಲ ತಡಕಿ ಉದುರಿದ ಒಂದೊಂದು ಚೂರನ್ನೂ ಅರಿಶಿನ ಹಾಕಿದ ಖಾಲಿ ಹಾರ್ಲಿಕ್ಸ್ ಶೀಷೆಯಲ್ಲಿ ತುಂಬಿದಳು. ಗುಡಿಸುವವಳನ್ನು ಹತ್ತಿರ ಬಿಡಲಿಲ್ಲ. ಗಾಳಿ ಬಂದರೆ ಕಿಟಕಿ ಮುಚ್ಚಿದಳು.

"ಅದೇನಕ್ಕ, ಗುಬ್ಬಿ ಕಾಳು ಹೆಕ್ಕಿದಂಗೆ ಹೆಕ್ತೀಯ?" ಎಂದು ರತ್ನ ನಕ್ಕಳು. ಅವಳು ನಕ್ಕು ಎಷ್ಟೋ ದಿನಗಳಾಗಿದ್ದವು. ಅಕ್ಕ ನಗಲಿಲ್ಲ.

ಕೈ ವಾಸಿಯಾಗುತ್ತಿದೆಯೆಂದು ತಿಳಿದ ಮೇಲೆ ಸಪ್ಪಲಮ್ಮ ತಲೆತುಂಬ ಹೂ ಮುಡಿದು ಬಂದಳು. ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ. ಮಂಚದ ಮೇಲೆಯೇ ಕೂತಳು.

"ಏನ್ ಔಷ್ದಿ ಹಾಕಿದ್ರಿ ಸ್ವಾಮಿ?"

"ಹೊರದೇಶದ ಪದ್ಧತಿ," ಎಂದರು ಡಾಕ್ಟರು, ಅನುಸೂಯಳ ಮುಖ ನೋಡದೆ.

"ಫಾರಿನ್ನಾ? ಅದಕ್ಕೇ ಮತ್ತೆ." ಸಪ್ಪಲಮ್ಮನ ಕಣ್ಣು ಕಿಟಕಿಯ ಮೇಲಿದ್ದ ಶೀಷೆಗೆ ಹೋಯಿತು. "ಅದ್ರದ್ದೇ ಸಿಪ್ಪೆಯಾ? ಒಂಚೂರು ಕೊಡ್ರಿ ಮೇಷ್ಟ್ರಮ್ಮ, ನಂಗೂ ಹಿಮ್ಮಡಿ ಒಡ್ದೈತೆ."

ಶೀಷೆಯತ್ತ ಚಾಚಿದ ಆ ಕೈಯನ್ನು ಅನುಸೂಯ ಹಿಡಿದಳು. ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಹಿಡಿದಳು.

"ಮುಟ್ಬೇಡಿ. ಅದು ವಾಪಸ್ ಕೊಡ್ಬೇಕಾದ್ದು."

"ಅಬ್ಬಾ, ಫಾರಿನ್ನೋರು ಸಿಪ್ಪೇನೂ ಲೆಕ್ಕ ಇಡ್ತಾರಾ," ಎಂದು ಸಪ್ಪಲಮ್ಮ ಕೈ ಬಿಡಿಸಿಕೊಂಡು ಮಣಿಕಟ್ಟು ತೀಡಿಕೊಂಡಳು.

ಮಾರನೆಯ ದಿನ ಮಧ್ಯಾಹ್ನದ ಬಿಸಿಲಲ್ಲಿ ಅನುಸೂಯ ಕಾಲೋನಿಗೆ ನಡೆದುಹೋದಳು. ಮುತ್ತಮ್ಮ ಕೂರು ಎನ್ನಲಿಲ್ಲ, ನೀರು ಬೇಕೇ ಎಂದೂ ಕೇಳಲಿಲ್ಲ. ಶೀಷೆಯನ್ನು ಬಾಳೆಲೆಯ ಮೇಲೆ ಸುರಿದು, ಬೆರಳಿನಿಂದ ಹರಡಿ ನೋಡಿದಳು. ಗುಡಿಸಲಿನ ಹಿಂದೆ, ಬಾಣಂತಿಯ ಬಚ್ಚಲ ನೀರು ಹರಿಯುವಲ್ಲಿ, ಕುಡಿಕೆ ಹೂಳಿದ್ದ ಜಾಗವನ್ನು ಗುದ್ದಲಿಯಿಂದ ತೆಗೆದು ಅದನ್ನೂ ಇಟ್ಟು ಮುಚ್ಚಿದಳು. ಒಳಗೆ ಮಗು ಅಳುತ್ತಿತ್ತು. ಗಟ್ಟಿ ಗಂಟಲಿನ ಅಳು. ಮಣ್ಣು ತುಳಿದು ಗಟ್ಟಿ ಮಾಡಿದ ಮೇಲೆ ಮುತ್ತಮ್ಮ ತೊಳೆದ ಶೀಷೆಯನ್ನು ಅನುಸೂಯಳ ಕೈಗೆ ಕೊಟ್ಟಳು.

"ಇದು ನಿಮ್ದು. ತಗೊಂಡ್ ಹೋಗಿ."

"ಮುತ್ತಮ್ಮ, ನೀವು ಇದನ್ನ ಯಾರಿಗಾದ್ರೂ..."

"ಅದು ನಂಗ್ ಬಿಟ್ಟಿದ್ದು."

ಶ್ರಾವಣದಲ್ಲಿ ಅನುಸೂಯ ತಂಗಿಯನ್ನು ನೋಡಲು ಹೋದಾಗ ಹೊಲದಲ್ಲಿ ಕಳೆ ಕೀಳುವ ಕೆಲಸ ನಡೆದಿತ್ತು. ಹೊತ್ತು ನೆತ್ತಿಗೆ ಬಂದಾಗ ಮುತ್ತಮ್ಮ ಹಿತ್ತಲ ಬೇಲಿಯ ಆಚೆ ಬಂದು ನಿಂತು ನೀರು ಕೇಳಿದಳು. ಸಪ್ಪಲಮ್ಮ ಹಿತ್ತಲ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು.

"ರತ್ನ, ನೀರ್ ಹುಯ್ಯಿ ಅವಳಿಗೆ. ಮೇಲಿಂದ ಹುಯ್ಯಿ, ಚೊಂಬು ತಗುಲೀತು."

ರತ್ನ ಚೊಂಬು ತಂದು ಬಲಗೈ ಎತ್ತಿದಳು. ಮೊಣಕೈ ಪೂರ್ತಿ ನೀಡಿಕೊಂಡಿತು. ಕುಪ್ಪಸದ ತೋಳಿನಿಂದ ಕೆಳಕ್ಕೆ ಬಿಸಿಲಲ್ಲಿ ಹೊಳೆಯುವ ಎಳೆ ಚರ್ಮ. ಮುತ್ತಮ್ಮ ಬಗ್ಗಿ ಬೊಗಸೆ ಒಡ್ಡಿದಳು. ಒಂದು ಮೊಳ ಮೇಲಿನಿಂದ ನೀರು ಬಿತ್ತು. ಹನಿ ಸಿಡಿದು ಬರಬಾರದೆಂದು ರತ್ನ ಒಂದು ಹೆಜ್ಜೆ ಹಿಂದೆ ಸರಿದು, ಕೈಯನ್ನು ಇನ್ನಷ್ಟು ಎತ್ತಿದಳು.

ಜಗಲಿಯ ಮೇಲಿದ್ದ ಅನುಸೂಯ ಎದ್ದು ನಿಂತಳು. ಈಗಲೇ, ಇಲ್ಲೇ, ಕಡಲೆಕಾಯಿಯ ಸಿಪ್ಪೆಯ ರಾಶಿಯ ನಡುವೆ, ಆ ಕೈ ಯಾರ ಮೊಮ್ಮಗನ ಪೊರೆಯಡಿ ಬೆಳೆದದ್ದು ಎಂದು ಹೇಳಿಬಿಡಬೇಕು. ಸಪ್ಪಲಮ್ಮನ ಮುಖ ಹೇಗಾಗುತ್ತದೋ ನೋಡಬೇಕು. ಆ ಚೊಂಬು ಕಸಿದು ಅಂಗಳಕ್ಕೆ ಎಸೆಯಬೇಕು. ಏನೂ ಅರಿಯದ ತಂಗಿಯ ಮೇಲೂ ಕೋಪ ಬಂತು. ಅರಿಯದಂತೆ ಇಟ್ಟವಳು ತಾನೇ ಎಂಬುದು ಆ ಕೋಪವನ್ನು ಇಮ್ಮಡಿ ಮಾಡಿತು. ಅವಳು ಜಗಲಿ ಇಳಿದಳು.

ಮುತ್ತಮ್ಮ ಕುಡಿದು ಮುಗಿಸಿ ತಲೆ ಎತ್ತಿದ್ದಳು. ರತ್ನಳ ಮುಖ ನೋಡಲಿಲ್ಲ. ಕೈಯನ್ನು ಭುಜದಿಂದ ಬೆರಳ ತುದಿಯವರೆಗೆ ನಿಧಾನವಾಗಿ ನೋಡಿದಳು. ಎರೆದು ಒರೆಸಿದ ಕೂಸಿನ ಕೈಕಾಲು ನೋಡುವ ಹಾಗೆ.

"ಕೈ ಚೆನ್ನಾಗ್ ಬಂದೈತೆ," ಎಂದಳು.

"ಫಾರಿನ್ ಔಷ್ದಿ ಕಣೇ," ಎಂದಳು ಸಪ್ಪಲಮ್ಮ ಕೂತಲ್ಲಿಂದಲೇ. "ನಿಮ್ಗೆಲ್ಲ ಎಲ್ಲಿ ಸಿಕ್ಕೀತು."

"ಹೌದಾ," ಎಂದಳು ಮುತ್ತಮ್ಮ. ಬಾಯಿ ಒರೆಸಿಕೊಂಡು, ಜಗಲಿಯಿಂದ ಇಳಿದು ನಿಂತಿದ್ದ ಅನುಸೂಯಳನ್ನು ಒಮ್ಮೆ ನೋಡಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಆಮೇಲೆ ತಿರುಗಿ ಹೊಲದ ಕಡೆ ನಡೆದಳು.

ಸಂಜೆ ಬಸ್ಸಿಗೆ ಬಿಡಲು ಬಂದ ರತ್ನ, ಹುಣಸೆಮರದ ಕೆಳಗೆ ನಿಂತು ತೋಳು ಸವರಿಕೊಳ್ಳುತ್ತ ಕೇಳಿದಳು.

"ಅಕ್ಕ, ಎಲ್ರೂ ಕೇಳ್ತಾರೆ. ನಿಜವಾಗ್ಲೂ ಏನ್ ಔಷ್ದಿ ಅದು?"

ಅನುಸೂಯ ರಸ್ತೆಯ ಕಡೆ ನೋಡಿದಳು. ನಾಲಿಗೆಯ ತುದಿಗೆ ಬಂದ ಮಾತು ಯಾರದ್ದು ಎಂದು ಮಧ್ಯಾಹ್ನದಿಂದ ಯೋಚಿಸುತ್ತಲೇ ಇದ್ದಳು. ಮುತ್ತಮ್ಮನ ಬಾಯಿಂದ ಒಂದು ಮಾತನ್ನು ಆಗಲೇ ಕಿತ್ತುಕೊಂಡಾಗಿದೆ. ಇದನ್ನು ಹೇಳಿದರೆ ರತ್ನ ಹೊರಬೀಳುತ್ತಾಳೆ. ಅಷ್ಟಕ್ಕೇ ಮುಗಿಯುವುದಿಲ್ಲ, ಅವತ್ತೇ ರಾತ್ರಿ ಕಾಲೋನಿಯ ಯಾವ ಗುಡಿಸಲಿನ ಬಾಗಿಲು ಒದೆಸಿಕೊಳ್ಳುತ್ತದೆ ಎಂಬುದೂ ಗೊತ್ತು. ತನ್ನ ಕೋಪ ತಣಿಸಿಕೊಳ್ಳಲು ಇನ್ನೊಬ್ಬರ ಮನೆಗೆ ಕಡ್ಡಿ ಗೀರುವುದೇ? ಹೇಳುವುದಿದ್ದರೆ ಮುತ್ತಮ್ಮ ಹೇಳಲಿ, ಅವಳಿಗೆ ಬೇಕಾದ ದಿನ, ಬೇಕಾದವರ ಮುಂದೆ. ತನ್ನ ಬಾಯಿಂದ ಮಾತ್ರ ಇದು ಹೊರಡಬಾರದು. ತಂಗಿಗಾಗಲಿ, ತಾಯಿಗಾಗಲಿ, ಯಾರಿಗೂ.

"ನಂಗೇನ್ ಗೊತ್ತು ಕಣೆ," ಎಂದಳು. ಬಸ್ಸಿನ ಧೂಳು ದೂರದಲ್ಲಿ ಕಾಣಿಸಿತು. "ನೀರು ಹುಯ್ಯುವಾಗ ಕೈ ಅಷ್ಟು ಮೇಲೆತ್ತಬೇಡ. ಚರ್ಮ ಇನ್ನೂ ಎಳೇದು."